ಹಾಲಾಡಿಯಿಂದಾಚೆಗಿನ ಬಾಡಿಗೆ

ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ಬೇರೆ ಕೆಲಸವಿಲ್ಲದೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟೆ. ಹೊಲಿಗೆ ಯಂತ್ರ ಎಂದ ಕೂಡಲೇ ನನ್ನನ್ನು ದೊಡ್ಡ ಕೆಲಸಗಾರ್ತಿ ಎಂದುಕೊಳ್ಳಬೇಡಿ. ಟಿವಿ ರಿಮೋಟು, ನನ್ನ ಬಿಪಿ ಮಾತ್ರೆ, ಹೋದ ವರ್ಷದ ಪಂಚಾಂಗ ಇವೆಲ್ಲ ಕೂರುವುದು ಅದರ ಮೇಲೆಯೇ. ನಾನು ಅದರಲ್ಲಿ ಕೊನೆಗೆ ಹೊಲಿದದ್ದು ಒಂದು ದಿಂಬಿನ ಚೀಲ. ಅದರೊಳಗೆ ಹಿಡಿಸುವ ದಿಂಬು ನಮ್ಮ ಮನೆಯಲ್ಲಿ ಇನ್ನೂ ಹುಟ್ಟಿಲ್ಲ. ಆದರೂ ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಬ್ರಹ್ಮಾವರದ ಆ ಹಂಚಿನ ಮನೆ, ಅದರ ಉದ್ದನೆಯ ಚಾವಡಿ, ಅಲ್ಲಿ ಸಾಲಾಗಿ ಇಟ್ಟಿದ್ದ ಹೊಲಿಗೆ ಯಂತ್ರಗಳು ಎಲ್ಲ ಒಟ್ಟಿಗೆ ನೆನಪಾಗಿ ಒಬ್ಬಳೇ ನಕ್ಕೆ.

ಆ ಮನೆಗೆ ನನ್ನನ್ನು ಎಳೆದುಕೊಂಡು ಹೋದವರು ಲಲಿತಕ್ಕ. ಸಾಸ್ತಾನದ ಬದಿಯ ಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡಿ ಆಗಷ್ಟೇ ನಿವೃತ್ತಳಾಗಿದ್ದೆ. ಮನೆಯಲ್ಲಿ ಕೂತರೆ ನನಗೆ ಕಷ್ಟ, ಮನೆಯವರಿಗೆ ಇನ್ನೂ ಕಷ್ಟ ಎಂಬ ಪರಿಸ್ಥಿತಿ. ಲಲಿತಕ್ಕ ನರ್ಸ್ ಆಗಿದ್ದವರು. ಹೊಟ್ಟೆಪಾಡಿಗೆ ಮೈ ಮಾರಬೇಕಾಗಿ ಬಂದು, ಆಮೇಲೆ ಅದನ್ನು ಬಿಟ್ಟು ಬಂದ ಹೆಂಗಸರಿಗೆ ನಾಲ್ಕು ಅಕ್ಷರ, ಒಂದು ಕೈಕೆಲಸ ಕಲಿಸುವ ಮನೆಯೊಂದನ್ನು ಅವರು ನಡೆಸುತ್ತಿದ್ದರು. ಮುಂಬಯಿಯಿಂದ ಬಂದವರಿದ್ದರು, ಹೆದ್ದಾರಿ ಬದಿಯ ಲಾಡ್ಜುಗಳಿಂದ ಬಂದವರೂ ಇದ್ದರು. ಕೈಕೆಲಸ ಎಂದರೆ ಮೊದಲಿಗೆ ಹೊಲಿಗೆಯೇ. ಹೆಣ್ಣಿಗೆ ಕಷ್ಟ ಬಂತೆಂದರೆ ನಮ್ಮ ಲೋಕಕ್ಕೆ ನೆನಪಾಗುವುದು ಅದೊಂದೇ ತಾನೇ? ಗಂಡ ಸತ್ತರೆ ಹೊಲಿಗೆ ಯಂತ್ರ, ಗಂಡ ಬಿಟ್ಟರೆ ಹೊಲಿಗೆ ಯಂತ್ರ, ಪಿಯುಸಿ ಫೇಲಾದರೂ ಹೊಲಿಗೆ ಯಂತ್ರ. ಊರಿನ ಹೆಂಗಸರ ಕಷ್ಟವನ್ನೆಲ್ಲ ಹೊಲಿದರೆ ಎಷ್ಟು ರವಿಕೆ ಆದೀತೋ, ಹಾಕಿಕೊಳ್ಳುವವರು ಯಾರೋ!

ನಾನು ಅಕ್ಷರ ಕಲಿಸುವವಳು. ಮೊದಲ ದಿನ ಚಾಪೆಯ ಮೇಲೆ ಕೂತು, ಎದುರಿಗಿದ್ದವಳ ಹತ್ತಿರ ಅಭ್ಯಾಸಬಲದಿಂದ "ನಿಮ್ದ್ ಎಲ್ಲಾಯ್ತ್? ಯಾರ್ ಮನಿ?" ಎಂದು ಕೇಳಿಬಿಟ್ಟೆ. ನಿಮ್ಮ ಊರು ಯಾವುದು, ಯಾವ ಮನೆಯವರು ಎಂದು ಕೇಳುವುದು ನಮ್ಮ ಕುಂದಾಪುರದ ಬದಿಯವರಿಗೆ ಪ್ರಶ್ನೆಯಲ್ಲ, ಉಸಿರಾಟ. ಬಸ್ಸಿನಲ್ಲಿ ನಿಮ್ಮ ಕಾಲು ತುಳಿದವನು ಮೊದಲು ಇದನ್ನು ಕೇಳಿ, ನಿಮ್ಮ ಚಿಕ್ಕಮ್ಮನ ನಾದಿನಿ ತನಗೆ ಏನಾಗಬೇಕೆಂದು ಲೆಕ್ಕ ಹಾಕಿ, ಆಮೇಲೆ ಕಾಲು ತೆಗೆಯುತ್ತಾನೆ. ನನಗಂತೂ ಈ ಚಟ ಸ್ವಲ್ಪ ಹೆಚ್ಚೇ. ಆದರೆ ಅಂದು ಚಾವಡಿ ಇದ್ದಕ್ಕಿದ್ದಂತೆ ತಣ್ಣಗಾಯಿತು. ಲಲಿತಕ್ಕ ಚಹಾದ ನೆಪದಲ್ಲಿ ನನ್ನನ್ನು ಅಡುಗೆಮನೆಗೆ ಕರೆದು, ಇಲ್ಲಿರುವವರು ಹೆದರುವುದು ಪೊಲೀಸರಿಗಲ್ಲ, ಈ ಒಂದು ಮಾತಿಗೆ ಎಂದರು. ಅಂದಿನಿಂದ ನಾನು ಆ ಪ್ರಶ್ನೆಯನ್ನು ಪಥ್ಯದವರು ಉಪ್ಪಿನಕಾಯಿ ಬಿಟ್ಟ ಹಾಗೆ ಬಿಟ್ಟೆ. ಬಾಯಿ ಎಷ್ಟು ಸಪ್ಪೆಯಾಯಿತೆಂದು ಹೇಳಲಾರೆ.

ಅಕ್ಷರ ಕಲಿಸುವುದಕ್ಕೆ ಪುಸ್ತಕಕ್ಕಿಂತ ಬಸ್ಸಿನ ಬೋರ್ಡೇ ಒಳ್ಳೆಯದೆಂದು ನನಗೆ ಬೇಗ ಗೊತ್ತಾಯಿತು. 'ಅ' ಎಂದರೆ ಅರಸ ಎಂದು ಮೂವತ್ತೈದು ದಾಟಿದ ಹೆಂಗಸಿಗೆ ಹೇಳಲು ನನಗೇ ನಾಚಿಕೆ. ಹಾಗಾಗಿ ವಾರಕ್ಕೊಮ್ಮೆ ಎಲ್ಲರನ್ನೂ ಕುಂದಾಪುರದ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂರಿಸುತ್ತಿದ್ದೆ. ಬಸ್ಸು ಬಂದು ನಿಂತ ಕೂಡಲೇ ಬೈಂದೂರು, ಬ್ರಹ್ಮಾವರ, ಸಿದ್ದಾಪುರ ಎಂದು ಒಬ್ಬರ ಮೇಲೊಬ್ಬರು ಕೂಗಬೇಕು. ಕಂಡಕ್ಟರುಗಳು ಗಿರಾಕಿ ಹತ್ತುತ್ತಾರೆಂದು ಬಾಗಿಲು ಹಿಡಿದು ಕಾದು, ಕೊನೆಗೆ ನನ್ನನ್ನು ದುರುಗುಟ್ಟಿ ನೋಡಿಕೊಂಡು ಹೋಗುತ್ತಿದ್ದರು.

ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ಜಲಜ. ಎತ್ತರದ ಆಳು, ಹಂಚು ಹಾರಿಹೋಗುವಂಥ ನಗು. ಹಿಂದಿ, ಮರಾಠಿ ಎರಡೂ ನೀರು ಕುಡಿದಷ್ಟು ಸಲೀಸು, ಓದಲು ಮಾತ್ರ ಬಾರದು. ಹೊಲಿಗೆಯಲ್ಲಿ ನನ್ನನ್ನೂ ಮೀರಿಸಿದವಳು. ಒಮ್ಮೆ ರವಿಕೆಯ ಎರಡು ತೋಳನ್ನೂ ಒಂದೇ ಬದಿಗೆ ಹೊಲಿದು, ಇದು ಎರಡು ಕೈಯೂ ಒಂದೇ ಬದಿಗೆ ಇರುವವರಿಗೆ ಎಂದಿದ್ದಳು. ಅಂಥವಳು ಒಂದು ದಿನ ಒಂದು ಬೋರ್ಡನ್ನು ಅ, ಮಾ, ಸೆ ಎಂದು ಕೂಡಿಸಿ ಓದಿ, ಪೂರ್ತಿ ಕೂಗದೆ ನಿಲ್ಲಿಸಿದಳು. ಬಸ್ಸು ತಿರುಗಿ ಕಣ್ಮರೆಯಾಗುವವರೆಗೂ ಅತ್ತಲೇ ನೋಡಿದಳು. ಅಮಾಸೆಬೈಲು ಅವಳ ಊರೆಂದು ನನಗೆ ತಿಳಿದದ್ದು ಹಾಗೆ. ಗಂಡ ಬಿಟ್ಟು ಹೋದ ಮೇಲೆ, ಮನೆಗೆಲಸ ಕೊಡಿಸುತ್ತೇನೆಂದು ದೂರದ ಸಂಬಂಧಿಯೊಬ್ಬಳು ಅವಳನ್ನು ಮುಂಬಯಿಗೆ ಕರೆದುಕೊಂಡು ಹೋಗಿದ್ದಳಂತೆ. ಕೊಡಿಸಿದ ಕೆಲಸ ಬೇರೆ. ಅಲ್ಲಿ ಅವಳು ಅಬ್ಬಿ ಎಂದು ಕರೆಯುವ ತಾಯಿ, ಅಣ್ಣ, ಅತ್ತಿಗೆ, ಅವರ ಮಕ್ಕಳು ಎಲ್ಲ ಇದ್ದಾರೆ. ತಿರುಗಿ ಬಂದ ಮೇಲೂ ಅವಳು ಆ ಕಡೆಗೆ ಕಾಲಿಟ್ಟಿರಲಿಲ್ಲ.

ಕೆಲವೇ ದಿನಗಳಲ್ಲಿ ಜಲಜ ನನ್ನ ಹತ್ತಿರ ಬಂದು, "ಹೊಲ್ಗಿ ಮಿಶನ್ ಎಷ್ಟ್ ತುಳ್ದ್ರೂ ಕೂತಲ್ಲೇ ಇಪ್ಪುದಲ್ದಾ ಟೀಚ್ರೆ? ನಂಗ್ ಮುಂದ್ ಹೋಪುದೊಂದ್ ಕಲ್ಸಿ" ಎಂದಳು. ಮುಂದೆ ಹೋಗುವುದೆಂದರೆ ರಿಕ್ಷಾ. ಲಲಿತಕ್ಕ ಬಸ್ಸು ಓಡಿಸಿ ನಿವೃತ್ತರಾಗಿದ್ದ ಬಾಬಣ್ಣನನ್ನು ಹುಡುಕಿ ತಂದರು. ಬಾಬಣ್ಣನಿಗೆ ಬೈಯದೆ ಕಲಿಸಲು ಬಾರದು, ಜಲಜಳಿಗೆ ತಿರುಗಿ ಬೈಯದೆ ಕಲಿಯಲು ಬಾರದು. ಇಬ್ಬರ ಪಾಠ ಕೇಳಲು ಗದ್ದೆಯ ಬದುವಿನಲ್ಲಿ ಜನ ಕೂಡುತ್ತಿದ್ದರು. ಒಂದು ಬೇಲಿ, ಒಂದು ಬಾಳೆಗಿಡ, ಬಾಬಣ್ಣನ ಒಂದು ಚಪ್ಪಲಿ ಇಷ್ಟು ನಷ್ಟದಲ್ಲಿ ಲೈಸೆನ್ಸು ಬಂತು.

ಈಗ ನನಗೆ ಹೊಸ ಚಿಂತೆ ಹತ್ತಿತು. ರಿಕ್ಷಾ ಹತ್ತಿದವರು ಸುಮ್ಮನಿರುತ್ತಾರೆಯೇ? ಯಾರ ಮನೆ ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ನಾನು ಘನವಾದ ಉಪಾಯವೊಂದನ್ನು ಮಾಡಿದೆ. ಘಟ್ಟದ ಮೇಲಿನವಳು, ಶಿವಮೊಗ್ಗ ಕಡೆಯವಳು ಎಂದು ಹೇಳಿಬಿಡಬೇಕು. ಘಟ್ಟದ ಮೇಲಿನ ಮನೆಗಳ ಸುದ್ದಿ ಇಲ್ಲಿಯವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಎಲ್ಲರನ್ನೂ ಕೂರಿಸಿ ಇದನ್ನು ಬಾಯಿಪಾಠ ಮಾಡಿಸಿ, ಪರೀಕ್ಷೆಗೆ ಬಾಬಣ್ಣನನ್ನೇ ಪ್ರಯಾಣಿಕನನ್ನಾಗಿ ಬೆಂಚಿನ ಮೇಲೆ ಕೂರಿಸಿದೆ.

"ಹ್ವಾಯ್, ನಿಮ್ದ್ ಎಲ್ಲಾಯ್ತ್?" ಎಂದರು ಬಾಬಣ್ಣ.

"ಶಿವಮೊಗ್ಗ" ಎಂದಳು ಜಲಜ, ಗಂಭೀರವಾಗಿ.

"ಶಿವಮೊಗ್ಗದಂಗೆ ಎಲ್ಲಿ? ಯಾವ್ ಊರ್?"

"ಅದೆಲ್ಲ ನಂಗ್ ಎಂತ ಗೊತ್ತಿಲ್ಲೆ ಮಾರಾಯ್ರೆ, ಟೀಚ್ರ್ ಹೇಳುಕ್ ಹೇಳಿರ್, ಹೇಳ್ದೆ."

ಇಂಥ ಅಪ್ಪಟ ಕುಂದಾಪುರದ ನಾಲಿಗೆಯ ಶಿವಮೊಗ್ಗದವಳನ್ನು ನಂಬಲು ಬಾಬಣ್ಣನಂಥ ಬಾಬಣ್ಣನೂ ಸಿದ್ಧರಿರಲಿಲ್ಲ. ನಗು ತಡೆಯಲಾರದೆ ಅವರು ಬೆಂಚಿನಿಂದ ಜಾರಿದರು, ಲಲಿತಕ್ಕನ ಕನ್ನಡಕ ಬಿತ್ತು, ನನ್ನ ಉಪಾಯ ಅಲ್ಲಿಗೆ ಮುಗಿಯಿತು. ನಗು ನಿಂತ ಮೇಲೆ ಜಲಜ ನನ್ನ ಪಕ್ಕದಲ್ಲಿ ಬಂದು ಕೂತಳು. ಅವಳು ಅಂದು ಹೇಳಿದ್ದನ್ನು ನಾನು ಮರೆಯಲಾರೆ.

"ಸುಳ್ಳ್ ಬ್ಯಾಡ ಟೀಚ್ರೆ. ಬೊಂಬಾಯಂಗೆ ಅಷ್ಟ್ ವರ್ಷ ಇದ್ದೆ, ಯಾರ್ ಮನಿ ಅಂದೇಳಿ ಒಬ್ರೂ ಕೇಣ್ಲಿಲ್ಲೆ. ಅಲ್ಲ್ ಕೇಂಬುದ್ ರೇಟ್ ಒಂದೇ. ನಾನ್ ತಿರ್ಗಿ ಬಂದದ್ದೇ ಯಾರಾರೂ ಅದೊಂದ್ ಮಾತ್ ಕೇಣ್ಲಿ ಅಂದೇಳಿ."

ನಾನು ಉಪ್ಪಿನಕಾಯಿ ಎಂದು ಬಿಟ್ಟ ಆ ಪ್ರಶ್ನೆ ಅವಳಿಗೆ ಅನ್ನವಾಗಿತ್ತು. ಹಾಗಾದರೆ ಮನೆಗೇ ಏಕೆ ಹೋಗಬಾರದು ಎಂದೆ. ಆ ಮನೆಯ ಅಂಗಳಕ್ಕೆ ತಾನಾಗಿ ಹೋಗಿ ನಿಲ್ಲಲು ಧೈರ್ಯವಿಲ್ಲ, ಆ ಊರಿನವರು ಯಾರಾದರೂ ಗುರುತು ಹಿಡಿದು ಬಾ ಎನ್ನಬೇಕು ಎಂದಳು. ಕರೆಯದೆ ಹೋಗುವುದು ನಮ್ಮಲ್ಲಿ ಮದುವೆಗೂ ಕಷ್ಟವೇ ತಾನೇ.

ಲಲಿತಕ್ಕನ ಮನೆಯಲ್ಲಿ ಕಲಿತವರು ಒಬ್ಬೊಬ್ಬರು ಒಂದೊಂದು ಕಡೆ ಬದುಕು ಕಂಡುಕೊಂಡರು. ಒಬ್ಬಳು ಬೈಂದೂರಿನ ಬೇಕರಿಯಲ್ಲಿದ್ದಾಳೆ. ನಾನು ಹೋದರೆ ಬೇಡವೆಂದರೂ ಬನ್ಸ್ ಕಟ್ಟಿ ಕೊಡುತ್ತಾಳೆ, ನನ್ನ ಸಕ್ಕರೆ ಕಾಯಿಲೆಯ ಮೇಲೆ ಅವಳಿಗೆ ಗೌರವವಿಲ್ಲ. ಇಬ್ಬರು ನಿಜವಾಗಿಯೂ ಚೆನ್ನಾಗಿ ಹೊಲಿಯುತ್ತಾರೆ. ಜಲಜ ಮೊದಲು ಬ್ರಹ್ಮಾವರದಲ್ಲಿ ರಿಕ್ಷಾ ಓಡಿಸಿದಳು. ಯಾರು ಕೇಳಿದರೂ ಅಮಾಸೆಬೈಲು, ಹಾಡಿಮನೆ ಎಂದು ಸ್ಪಷ್ಟವಾಗಿ ಹೇಳುತ್ತಿದ್ದಳು. ಅಲ್ಲಿ ಆ ಮನೆಯ ಗುರುತಿದ್ದವರು ಸಿಗಲಿಲ್ಲ. ಆಮೇಲೆ ಕುಂದಾಪುರಕ್ಕೆ ಬಂದಳು. ಆಮೇಲೆ ಬಾಬಣ್ಣ ಹಾಲಾಡಿಯ ರಿಕ್ಷಾದವರ ಹತ್ತಿರ ಮಾತಾಡಿ, ಅಲ್ಲಿನ ನಿಲ್ದಾಣದಲ್ಲಿ ಒಂದು ಜಾಗ ಮಾಡಿಸಿಕೊಟ್ಟರು. ಹಾಲಾಡಿ ದಾಟಿದರೆ ಮುಂದಿನದು ಅವಳ ಊರಿನ ದಾರಿ. ಆದರೆ ಅಷ್ಟು ಹತ್ತಿರ ಬಂದವಳು ಅಲ್ಲಿಂದ ಮುಂದೆ ಹೋಗಲಿಲ್ಲ. ಅಮಾಸೆಬೈಲಿನ ಬಾಡಿಗೆ ಬಂದರೆ ಸಾಲಿನಲ್ಲಿ ಹಿಂದಿನ ರಿಕ್ಷಾಕ್ಕೆ ಬಿಟ್ಟುಕೊಡುತ್ತಾಳೆಂದು ಬಾಬಣ್ಣ ಹೇಳಿದ್ದರು. ಬೇಕು ಅನ್ನುವುದು ಎದುರಿಗೇ ಬಂದಾಗ ಹಿಂದೆ ಸರಿಯುವವಳು ಅವಳೊಬ್ಬಳೇ ಅಲ್ಲವಲ್ಲ.

ಎಣ್ಣೆಯ ವಾಸನೆ ಇಷ್ಟನ್ನೆಲ್ಲ ಎಬ್ಬಿಸಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ನಿನ್ನೆ ಬೆಳಿಗ್ಗೆ ಬಸ್ಸು ಹತ್ತಿ ಹಾಲಾಡಿಗೆ ಹೋದೆ. ಖಾಕಿ ಅಂಗಿ ತೊಟ್ಟ ಜಲಜ ದೂರದಿಂದಲೇ ಕೂಗಿ, ಚಹಾ ಕುಡಿಸಿ, ಹಾಲಾಡಿ ಪೇಟೆ ತೋರಿಸುತ್ತೇನೆಂದು ನನ್ನನ್ನು ರಿಕ್ಷಾದಲ್ಲಿ ಕೂರಿಸಿದಳು. ಆ ಪೇಟೆಯನ್ನು ನಾನು ಅವಳು ಹುಟ್ಟುವ ಮೊದಲೇ ನೋಡಿದ್ದೇನೆ ಎಂಬುದು ಬೇರೆ ಮಾತು. ಅಷ್ಟರಲ್ಲಿ ಮೀನಿನ ಚೀಲ ಹಿಡಿದ ಮುದುಕಿಯೊಬ್ಬರು ಬಂದು, ಬಸ್ಸು ತಪ್ಪಿತು, ಅಮಾಸೆಬೈಲಿಗೆ ಬರುತ್ತೀಯಾ ಎಂದು ಕೇಳಿದರು. ಹಿಂದಿನ ರಿಕ್ಷಾ ಹೋಗುತ್ತದೆ ಎಂದಳು ಜಲಜ, ಅವರ ಮುಖ ನೋಡದೆ. ಮುದುಕಿ ಅಲುಗಲಿಲ್ಲ. ಹಿಂದಿನದು ಹೋಗುವುದಾದರೆ ಮುಂದಿನದಕ್ಕೇನು, ನಿಮ್ಮದು ಎಲ್ಲಾಯ್ತು, ಯಾರ ಮನೆ ಎಂದು ಶುರು ಮಾಡಿದರು.

ಜಲಜ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅಮಾಸೆಬೈಲ್, ಹಾಡಿಮನಿ" ಎಂದಳು.

ಮುದುಕಿ ಚೀಲವನ್ನು ಕೆಳಗಿಟ್ಟು, ಬಗ್ಗಿ ಅವಳ ಮುಖವನ್ನು ನೋಡಿದರು. "ಗುಲಾಬಿ ಮಗ್ಳಾ? ಬೊಂಬಾಯಿಗ್ ಹೋದ್ದ್?"

ಬಿಸಿಲು ಬಹಳ ಎಂದೋ ಏನೋ ಹೇಳಿ ಮಾತು ತಪ್ಪಿಸಲು ನಾನು ಬಾಯಿ ತೆರೆದೆ. ಜಲಜ ಬಿಡಲಿಲ್ಲ. "ಹೌದ್. ಅಲ್ಲ್ ಒಳ್ಳೆ ಕೆಲ್ಸದಂಗೆ ಇರ್ಲಿಲ್ಲೆ ನಾನ್. ಬಿಟ್ಟ್ ಬಂದೆ. ಈಗ ರಿಕ್ಷಾ ಬಿಡ್ತೆ."

"ಅದ್ ಊರಿಗೆಲ್ಲ ಗೊತ್ತಿತ್" ಎಂದರು ಮುದುಕಿ. "ಬೊಂಬಾಯಿಂದ ಯಾರ್ ಬಂದ್ರೂ ನಿನ್ನಬ್ಬಿ ಹೋಯಿ ನಿನ್ನ್ ಸುದ್ದಿ ಕೇಂತ್ಳ್. ರಿಕ್ಷಾ ಇತ್, ರಸ್ತಿ ಇತ್. ಬಪ್ಪುಕೆ ಎಂತ ಧಾಡಿ ನಿಂಗೆ?"

ಹೀಗೆ ಬೈದು, ಹತ್ತಿ ಕೂತು, ಮೀನಿನ ಚೀಲವನ್ನು ನನ್ನ ಮಡಿಲಿಗಿಟ್ಟರು. ಜಲಜ ತಿರುಗಿ ನನ್ನನ್ನು ನೋಡಿದಳು. ನಡೆ ಎಂದು ತಲೆ ಆಡಿಸಿದೆ. ರಿಕ್ಷಾ ಹೊರಟಿತು. ಪೇಟೆ ದಾಟಿತು, ತಿರುಗಲಿಲ್ಲ.

ದಾರಿಯಲ್ಲಿ ಮುದುಕಿ ನನ್ನ ಕಡೆ ತಿರುಗಿ, ನಿಮ್ಮದು ಎಲ್ಲಾಯ್ತು ಎಂದರು. ಎಷ್ಟು ಸುಖವಾಯಿತು ಗೊತ್ತೇ? ತವರು, ಗಂಡನ ಮನೆ, ಅಜ್ಜಿಯ ಮನೆ ಎಲ್ಲ ಹೇಳಿದೆ. ಕೇಳದೇ ಇದ್ದದ್ದನ್ನೂ ಹೇಳಿದೆ. ಆಮೇಲೆ ನಾನೂ ಪಥ್ಯ ಮುರಿದು, ಅವರ ಮನೆಯ ಹೆಸರು ಕೇಳಿದೆ. ಅಮಾಸೆಬೈಲು ಬರುವಷ್ಟರಲ್ಲಿ ನಾವಿಬ್ಬರೂ ಹೇಗೋ ನೆಂಟರಾಗಿದ್ದೆವು. ಮುಂದೆ ಕೂತವಳು ಯಾರನ್ನೂ ದಾರಿ ಕೇಳದೆ ರಿಕ್ಷಾವನ್ನು ಹಾಡಿಮನೆಯ ಕಡೆಗೆ ತಿರುಗಿಸಿದಳು.

ಹಾಡಿಮನೆಯ ಅಂಗಳದಲ್ಲಿ ಹಪ್ಪಳ ಒಣಹಾಕಿದ್ದರು. ಪಕ್ಕದಲ್ಲಿ ಕೋಲು ಹಿಡಿದು ಕಾಗೆ ಕಾಯುತ್ತಿದ್ದ ಹೆಂಗಸು ರಿಕ್ಷಾದ ಸದ್ದಿಗೆ ಎದ್ದು, ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. ಕಣ್ಣು ಮಂಜಾಗಿರಬೇಕು, ಖಾಕಿ ಅಂಗಿ ಮಾತ್ರ ಕಂಡಿತೇನೋ.

"ಯಾರ್ ಅದ್? ನಿಮ್ದ್ ಎಲ್ಲಾಯ್ತ್? ಯಾರ್ ಮನಿ?" ಎಂದು ಕೇಳಿದರು.

ಜಲಜ ಎಂಜಿನ್ ನಿಲ್ಲಿಸಿ ಕೆಳಗಿಳಿದಳು.

"ಇದೇ ಮನಿ, ಅಬ್ಬಿ" ಎಂದಳು.