ಸುಮತಿ ಅಕ್ಕನ ನೈಲ್ ಪಾಲಿಶ್

ಸುಮತಿ ಅಕ್ಕನ ಬ್ಯಾಗಲ್ಲಿ ಯಾವಾಗ್ಲೂ ಆರೇಳು ಬಾಟ್ಲಿ ನೈಲ್ ಪಾಲಿಶ್ ಇರ್ತಿತ್ತು. ಉಗುರಿಗೆ ಹಚ್ಕೊಂಡಿದ್ದು ಮಾತ್ರ ನಾನು ಒಂದಿನಾನೂ ನೋಡಿಲ್ಲ. ಅದೆಲ್ಲ ಆಟದ ರೈಲಿಗೆ.

ಅಕ್ಕ ಮಂಗಳೂರು ಕಡೆಯೋರು. ನೆದರ್ಲೆಂಡ್ಸಿನ ವೂರ್‌ಬರ್ಗ್‌ಗೆ ಬಂದು ನಲವತ್ತು ವರ್ಷ ಆಗಿತ್ತು. ಆಸ್ಪತ್ರೆ ಲ್ಯಾಬಲ್ಲಿ ಕೆಲ್ಸ ಮಾಡಿ ರಿಟೈರ್ ಆಗಿದ್ರು. ನಮ್ಮ ಮೇಲಿನ ಮನೇಲೇ ಇದ್ರು. ಪ್ರತಿ ಶನಿವಾರ ಮಾಡೆಲ್ ರೈಲು ಕ್ಲಬ್ಬಿಗೆ ಹೋಗೋರು. ಅಲ್ಲಿ ಗಂಡಸ್ರು ಗುಡ್ಡ, ಸ್ಟೇಷನ್ನು, ಸೇತುವೆ ಮಾಡೋರು. ಬೋಗಿ ಒಳಗೆ ಲೈಟ್ ಹಾಕೋದು ಅಕ್ಕ ಒಬ್ರೇ.

ನಾನು ದಾವಣಗೆರೇಲಿ ಮನೆ ವೈರಿಂಗ್ ಮಾಡ್ತಿದ್ದೋನು. ಎಂಟನೇ ಕ್ಲಾಸ್ ಫೇಲು. ಹೆಂಡ್ತಿ ರೇಖಾಗೆ ಇಲ್ಲಿ ಕೆಲ್ಸ ಸಿಕ್ತು, ಜೊತೆಗೆ ಬಂದೆ. ನಾನು ಕೆಲ್ಸ ಕೇಳಿದ ಕಡೆಯೆಲ್ಲ ಒಂದೇ ಮಾತು, ಡಚ್ ಬರ್ಬೇಕು. ಕ್ಲಾಸಿಗೆ ಸೇರಿದೆ, ಮೂರು ವಾರಕ್ಕೆ ಬಿಟ್ಟೆ. ಬೆಂಚ್ ಮೇಲೆ ಕೂರೋದು ನಂಗೆ ಆಗಲ್ಲ.

"ಮನೇಲಿ ಕೂತು ಎಂತ ಮಾಡ್ತಿ ಮಾರಾಯ? ವೈರಿನ ಕೆಲಸ ಗೊತ್ತುಂಟಲ್ಲ, ಬಾ" ಅಂತ ಅಕ್ಕ ಕ್ಲಬ್ಬಿಗೆ ಎಳ್ಕೊಂಡು ಹೋದ್ರು.

ಮೊದಲ್ನೇ ದಿನ ಒಂದು ಬೋಗಿ ಕೊಟ್ರು. ಉದ್ದ ಒಂದು ಗೇಣು. ವೈರು ತಲೆಕೂದಲಷ್ಟು ಸಣ್ಣ. ಬೆಸುಗೆ ಹಾಕ್ದೆ, ಊರಲ್ಲಿ ಮಾಡೋ ಹಂಗೆ ಗಟ್ಟಿಯಾಗಿ ಮೂರು ಸುತ್ತು ಟೇಪ್ ಸುತ್ತಿದೆ. ಬೋಗಿ ಮುಚ್ಚಳ ಕೂರ್ಲೇ ಇಲ್ಲ. ಅಕ್ಕ ಭೂತಗನ್ನಡಿ ಹಿಡಿದು ನೋಡಿದ್ರು.

"ಎಂತದಿದು? ಸೀಟಲ್ಲಿ ಕೂತ ಮನುಷ್ಯನಿಗಿಂತ ನಿನ್ನ ಟೇಪು ದಪ್ಪ ಉಂಟು. ಅವ ಇಳಿಯುವುದು ಎಲ್ಲಿಂದ, ಕಿಟಕಿಯಿಂದಲಾ?"

ಟೇಪ್ ಕಿತ್ತು ಬಿಸಾಕಿದ್ರು. ಟೇಪ್ ಬದಲು ಜಾಯಿಂಟಿಗೆ ನೈಲ್ ಪಾಲಿಶ್ ಒಂದೇ ಹನಿ. ಪ್ಲಸ್ಸಿಗೆ ಕೆಂಪು, ಮೈನಸ್ಸಿಗೆ ಬಣ್ಣ ಇಲ್ಲದ್ದು. ಆಮೇಲೆ ಮುಟ್ಟಂಗಿಲ್ಲ. "ಒಂದು ಚಾ" ಅನ್ನೋರು. ಅಂದ್ರೆ ಒಂದು ಚಾ ಕುಡಿದು ಮುಗಿಸೋವರೆಗೂ ಒಣಗ್ಬೇಕು. ದಪ್ಪ ಹಚ್ಚಿದ್ರೆ, "ಎರಡು ಚಾ. ನಿನ್ನದೇ ತಪ್ಪು, ಕೂತ್ಕೊ."

ಆ ಚಾ ಹೊತ್ತಲ್ಲಿ ಕನ್ನಡ ಬಂದ್. ಕ್ಲಬ್ ಅಧ್ಯಕ್ಷರ ಪಕ್ಕ ಕೂರಿಸೋರು, ಡಚ್ಚಲ್ಲಿ ಮಾತಾಡು ಅಂತ. ಅವ್ರು ಮೊಣಕಾಲು ನೋವಿನ ಮುದುಕ.

"ಅಕ್ಕ, ಫ್ಯಾನ್ ಹಾಕಿದ್ರೆ ಬೇಗ ಒಣಗುತ್ತೆ" ಅಂದೆ ಒಂದ್ಸಲ.

"ಗುಳ್ಳೆ ಬರ್ತದೆ. ಹೋಗು, ಅವರ ಮೊಣಕಾಲು ಹೇಗುಂಟು ಕೇಳು."

ಮೊಣಕಾಲಿಗೆ ಡಚ್ಚಲ್ಲಿ ಏನಂತಾರೆ ಅಂತ ಗೊತ್ತಾಗಿದ್ದು ಹಂಗೆ. ಆಮೇಲೆ ಅವ್ರ ಹೆಂಡ್ತಿ, ನಾಯಿ, ಮನೆ ಲೋನು, ಎಲ್ಲ ಗೊತ್ತಾಯ್ತು.

ಕ್ಲಬ್ಬಿನ ಪ್ರದರ್ಶನದ ದಿನ ಒಂದು ಬೋಗಿ ಬಾಕಿ ಇತ್ತು. ನಂಗೆ ಕಾಯೋಕೆ ಆಗ್ಲಿಲ್ಲ. ಹಸಿ ಹನಿ ಮೇಲೇ ಮುಚ್ಚಳ ಒತ್ತಿ ಹಳಿ ಮೇಲಿಟ್ಟೆ. ಒಂದು ಸುತ್ತೂ ಆಗ್ಲಿಲ್ಲ, ಶಾರ್ಟ್ ಆಯ್ತು. ರೈಲು, ಸಿಗ್ನಲ್ಲು, ಸ್ಟೇಷನ್ ಲೈಟು, ಎಲ್ಲ ಬಂದ್. ಸುತ್ತ ಮಕ್ಕಳು ಬಾಯಿ ಬಿಟ್ಕೊಂಡು ನಿಂತಿದ್ರು. ಅಧ್ಯಕ್ಷರು ಮುಖ ಕೆಂಪು ಮಾಡ್ಕೊಂಡು ಯಾರ ಕೆಲ್ಸ ಅಂದ್ರು.

ನಾನು ಅಕ್ಕನ ಮುಖ ನೋಡ್ದೆ. ಅವ್ರು ಬೆನ್ನಿಗೆ ತಿವಿದ್ರು. "ನನ್ನನ್ನು ಎಂತ ನೋಡುವುದು? ಹೇಳು. ಡಚ್ಚಲ್ಲಿ."

ಹೇಳ್ದೆ. ತಪ್ಪು ನಂದು. ಹಸಿ ಇತ್ತು, ಕಾಯ್ಲಿಲ್ಲ. ಎರಡು ಚಾ ಕುಡಿಯೋ ಟೈಮ್ ಕೊಡಿ, ಸರಿ ಮಾಡ್ತೀನಿ.

ಮುದುಕ ನಕ್ಕುಬಿಟ್ಟ. ಕುಂಟ್ಕೊಂಡು ಹೋಗಿ ತಾನೇ ಚಾ ತಂದ. ಎರಡು ಚಾ ಆದ್ಮೇಲೆ ರೈಲು ಸಂಜೆವರೆಗೂ ನಿಲ್ಲಲಿಲ್ಲ.

ಹೋದ ಚಳಿಗಾಲದಲ್ಲಿ ಅಕ್ಕನ ಕೈ ನಡುಗೋಕೆ ಶುರುವಾಯ್ತು. ಹನಿ ಎಲ್ಲೋ ಬೀಳೋದು. ಗ್ರೋನಿಂಗನ್‌ನಲ್ಲಿರೋ ಮಗಳ ಮನೆಗೆ ಹೊರಟ್ರು. ಸ್ಟೇಷನ್ನಲ್ಲಿ ಆ ಬ್ಯಾಗು ನನ್ನ ಕೈಗಿಟ್ರು.

"ಎರಡು ಬಾಟ್ಲಿ ಗಟ್ಟಿ ಆಗಿದಾವೆ ಅಕ್ಕ" ಅಂದೆ.

"ಹೊಸತು ತಕೊ. ಯಾರಿಗೆ ಅಂತ ಅಂಗಡಿಯವಳು ಕೇಳಿದ್ರೆ ನಂಗೇ ಅಂತ ಹೇಳು. ಹೆದರ್ಬೇಡ."

ರೈಲು ಹೋಯ್ತು. ಒಳಗೆ ಲೈಟೆಲ್ಲ ಉರೀತಿತ್ತು. ಆ ವೈರಿಗೆ ಯಾರು ಏನು ಸುತ್ತಿರ್ತಾರೋ ಅಂತ ಅನ್ನಿಸ್ತು.

ಅದಾದ ಮುಂದಿನ ತಿಂಗಳು ಲಿಫ್ಟ್ ರಿಪೇರಿ ಮಾಡೋ ಕಂಪನೀಲಿ ಇಂಟರ್‌ವ್ಯೂ. ಡಚ್ ಎಲ್ಲಿ ಕಲಿತೆ ಅಂತ ಕೇಳಿದ್ರು. ನೈಲ್ ಪಾಲಿಶ್ ಒಣಗೋ ಹೊತ್ತಲ್ಲಿ ಅಂದೆ. ಅವ್ರಿಗೆ ಅರ್ಥ ಆಗ್ಲಿಲ್ಲ. ಬಿಡಿಸಿ ಹೇಳ್ದೆ, ಶಾರ್ಟ್ ಆಗಿದ್ದೂ ಸೇರ್ಸಿ. ಕೆಲ್ಸ ಕೊಟ್ರು.

ಹೊರಗೆ ಬಂದೋನೆ ಅಕ್ಕಂಗೆ ಫೋನ್ ಹಚ್ಚಿದೆ. "ಅಕ್ಕ, ಕೆಲ್ಸ ಸಿಕ್ತು. ಸೋಮವಾರದಿಂದ."

ಆ ಕಡೆ ಅಕ್ಕ ಚಾ ಲೋಟ ಕೆಳಗಿಟ್ಟ ಸದ್ದು ಕೇಳಿಸ್ತು.

"ಡಚ್ಚಲ್ಲಿ ಹೇಳು."

ಪೂರ್ತಿ ಹೇಳ್ದೆ.