ಎಡಗಡೆಯ ಪಿಟೀಲು

ಹೆಡ್‌ಫೋನು ತಯಾರಿಸುವ ಮಹಾನುಭಾವರು ಯಾವ ಬಟ್ಟಲು ಎಡಗಿವಿಗೆ, ಯಾವುದು ಬಲಗಿವಿಗೆ ಎಂಬುದನ್ನು ಎರಡು ಇಂಗ್ಲಿಷ್ ಅಕ್ಷರಗಳಲ್ಲಿ ಸೂಚಿಸಿರುತ್ತಾರೆ. ನೀವೂ ನೋಡಿರಬಹುದು; ನೋಡಿರದಿದ್ದರೆ ತಪ್ಪು ನಿಮ್ಮದಲ್ಲ. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಕಪ್ಪಾಗಿಯೇ ಉಬ್ಬಿಸಿದ ಆ ಅಕ್ಷರಗಳು ಸಾಸಿವೆ ಕಾಳಿಗಿಂತ ದೊಡ್ಡವಲ್ಲ. ಅವನ್ನು ಓದಲು ಕನ್ನಡಕ ಬೇಕು. ಕನ್ನಡಕ ಹಾಕಿಕೊಂಡರೆ ಅದರ ಕಡ್ಡಿ ಕಿವಿಯ ಮೇಲೆ ಸವಾರಿ ಕೂತು ಹೆಡ್‌ಫೋನಿಗೆ ಜಾಗ ಬಿಡುವುದಿಲ್ಲ. ಕನ್ನಡಕ ತೆಗೆದಿಟ್ಟು ಹೆಡ್‌ಫೋನು ಏರಿಸುವಷ್ಟರಲ್ಲಿ ಯಾವುದು ಎಡ, ಯಾವುದು ಬಲ ಎಂಬುದು ಮರೆತುಹೋಗಿರುತ್ತದೆ. ಕಣ್ಣಿಗೂ ಕಿವಿಗೂ ನಾಲ್ಕೇ ಬೆರಳಿನ ಅಂತರ ಎನ್ನುತ್ತಾರೆ ಹಿರಿಯರು. ಆ ನಾಲ್ಕು ಬೆರಳಿನ ಸೀಮೆಯಲ್ಲಿ ಗಡಿ ವ್ಯಾಜ್ಯ ಇಷ್ಟು ತೀವ್ರವಾಗಿರುತ್ತದೆಂದು ನನಗಂತೂ ಗೊತ್ತಿರಲಿಲ್ಲ.

ಆಗ ನಾವು ಚನ್ನಪಟ್ಟಣದಲ್ಲಿ, ಹೆದ್ದಾರಿಗೆ ಹತ್ತಿರದ ಬೀದಿಯೊಂದರಲ್ಲಿ ಬಾಡಿಗೆಗಿದ್ದೆವು. ನಾನು ರಾಮನಗರದ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ನನ್ನ ಹೆಂಡತಿ ಗಿರಿಜಾ ಮಾಗಡಿಯವಳು, ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, ಆ ಶಾಸ್ತ್ರವನ್ನು ಸಾರಿನ ಪುಡಿಗೆ ಮಾತ್ರ ಪ್ರಯೋಗಿಸುತ್ತ ಮನೆಯಲ್ಲಿದ್ದಳು. ಮನೆಯ ಒಂದು ಪಕ್ಕದಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಗಳು, ಇನ್ನೊಂದು ಪಕ್ಕದಲ್ಲಿ ಮರದ ಗೊಂಬೆ ಕಡೆಯುವ ಲೇತು, ಎದುರಿಗೆ ಅಗಲವಾಗುತ್ತಲೇ ಇದ್ದ ಹೆದ್ದಾರಿ. ಬಿಡದಿಯ ಕಡೆ ಹೊಸ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಬೆಳಿಗ್ಗೆ ಅವುಗಳ ಬಸ್ಸು, ಮಧ್ಯಾಹ್ನ ಜಲ್ಲಿ ಲಾರಿ, ಸಂಜೆ ಮತ್ತೆ ಬಸ್ಸು. ನಮ್ಮ ಟೇಪ್ ರೆಕಾರ್ಡರಿನಲ್ಲಿ ಭಾಗವತರು ಆಲಾಪನೆಗೆ ಕಣ್ಣು ಮುಚ್ಚಿದೊಡನೆ ಲೇತು ಶ್ರುತಿ ಹಿಡಿಯುತ್ತಿತ್ತು. ತಾರಸ್ಥಾಯಿಗೆ ಅವರು ಹೋಗುವ ಮೊದಲೇ ಲಾರಿಯ ಹಾರನ್ನು ಅಲ್ಲಿ ಕಾದಿರುತ್ತಿತ್ತು.

ನನ್ನ ಸಹಪಾಠಿಯೂ ಸಹೋದ್ಯೋಗಿಯೂ ಆದ ಬೋರೇಗೌಡ ಭೌತಶಾಸ್ತ್ರದ ಮೇಷ್ಟ್ರು. ಈ ಸಂಕಟವನ್ನು ಅವನಲ್ಲಿ ತೋಡಿಕೊಂಡಾಗ, ಜಗತ್ತಿನ ಸಮಸ್ತ ಸದ್ದಿಗೂ ಹೆಡ್‌ಫೋನೇ ಮದ್ದು ಎಂದುಬಿಟ್ಟ. ಆದರೆ ಒಂದೇ ಮದ್ದಿನಿಂದ ಎಲ್ಲ ರೋಗ ವಾಸಿಯಾಗುವುದಿಲ್ಲವಂತೆ.

"ಲೇ, ಸಿನಿಮಾ ಹಾಡಿಗೆ ಕಿವಿ ಪೂರ್ತಿ ಮುಚ್ಚೋದು ತಕೋ, ಡೋಲಿನ ಗುಂಗುಂ ಸದ್ದು ಚೆನ್ನಾಗಿ ಬತ್ತದೆ. ಕಛೇರಿ ಕೇಳಾಕೆ ಬೆನ್ನು ತೆರೆದಿರೋದು ಐತೆ, ಗಾಳಿ ಆಡ್ತದೆ. ತತ್ವಪದ, ತಂಬೂರಿಗೆಲ್ಲ ಕಿವಿಯೊಳಿಕ್ಕೆ ಇಡೋ ಗುಂಡೀನೇ ಸಾಕು ಕಣ್ಲಾ," ಎಂದ.

ಬೆನ್ನು ತೆರೆದಿರುವುದು, ಬೆನ್ನು ಮುಚ್ಚಿರುವುದು ಎಂಬ ಪ್ರಭೇದ ನನಗೆ ರವಿಕೆಗಳ ವಿಷಯದಲ್ಲಿ ಮಾತ್ರ ತಿಳಿದಿತ್ತು. ಆದರೂ ಕೆಲವು ತಿಂಗಳೊಳಗೆ ನಮ್ಮ ನಡುಮನೆಯ ಮೂಲೆಯಲ್ಲಿ ಸಿ.ಡಿ. ಪ್ಲೇಯರು, ಪುಟ್ಟ ಆಂಪ್ಲಿಫೈಯರು, ಮೂರು ತರಹದ ಹೆಡ್‌ಫೋನು ಬಂದು ಕೂತವು. ತಂತಿಗಳು ಒಂದನ್ನೊಂದು ಹೆಣೆದುಕೊಂಡು ನಾಗಬಂಧ ರಚಿಸಿದವು. ಗಿರಿಜಾ ಕಸ ಗುಡಿಸುವಾಗ ಆ ಮೂಲೆಗೆ ಪ್ರದಕ್ಷಿಣೆ ಹಾಕಿ ಹೋಗುತ್ತಿದ್ದಳು. ಯಾವ ಸಂಗೀತಕ್ಕೆ ಯಾವುದು ಎಂಬ ಗೊಂದಲದಲ್ಲಿ ನಾನು ನಾಗಸ್ವರವನ್ನು ಕಿವಿಗುಂಡಿಯಲ್ಲಿ ಕೇಳಿ ತಲೆನೋವು ತಂದುಕೊಂಡೆ. ತಂಬೂರಿ ಪದವನ್ನು ಮುಚ್ಚಿದ ಬಟ್ಟಲಲ್ಲಿ ಕೇಳಿ, ಹಾಡುವ ಸಾಧುಗಳು ಬಾವಿಗೆ ಬಿದ್ದರೆಂದು ಗಾಬರಿಯಾದೆ.

ಆದರೆ ನಿಜವಾದ ಗೊಂದಲ ಬೇರೆಯೇ ಇತ್ತು. ಸಂಗೀತ ಕಛೇರಿಯ ಧ್ವನಿಮುದ್ರಿಕೆಗಳಲ್ಲಿ ಸಾಮಾನ್ಯವಾಗಿ ಪಿಟೀಲು ಎಡಕ್ಕೂ ಮೃದಂಗ ಬಲಕ್ಕೂ ಇರುತ್ತವಂತೆ. ಅಕ್ಷರ ಓದಿಸಿ ಸರಿಯಾಗಿ ಹಾಕಿಕೊಂಡಾಗ ನನ್ನ ಬಲಗಡೆ ಮೃದಂಗ ಗುಡುಗುತ್ತಿತ್ತು. ಎಡಗಡೆಯ ಪಿಟೀಲು ಮಾತ್ರ ಪಕ್ಕದ ಬೀದಿಯಲ್ಲಿ ಯಾರೋ ನುಡಿಸುವಂತೆ ಕ್ಷೀಣವಾಗಿರುತ್ತಿತ್ತು. ಮೊದಲು, ಪಿಟೀಲಿನವರು ಸಂಕೋಚದ ಸ್ವಭಾವದವರಿರಬೇಕು ಎಂದುಕೊಂಡೆ. ಬೇರೆ ವಿದ್ವಾಂಸರ ಸಿ.ಡಿ. ತಂದೆ, ಅವರೂ ಸಂಕೋಚದವರೇ. ದಕ್ಷಿಣ ಭಾರತದ ಪಿಟೀಲುಗಾರರ ವಿನಯದ ಮೇಲೆ ಪ್ರಬಂಧವನ್ನೇ ಬರೆಯಬೇಕೆಂದು ಹೊರಟಿದ್ದಾಗ, ಸಿನಿಮಾ ಹಾಡಿನ ಯುಗಳಗೀತೆಯಲ್ಲಿ ನಾಯಕಿಯೂ ಎಡಗಡೆಯಿಂದ ಪಿಸುಗುಟ್ಟಿದಳು. ಆಗ ತಪ್ಪು ಹೆಡ್‌ಫೋನಿನದು ಎಂದು ತೀರ್ಮಾನಿಸಿ ಇನ್ನೊಂದನ್ನು ಹಾಕಿದೆ, ಮತ್ತೊಂದನ್ನು ಹಾಕಿದೆ. ತಂತಿ ಬದಲಿಸಿದೆ. ಬೋರೇಗೌಡ ಬಂದು ಆಂಪ್ಲಿಫೈಯರಿನ ಹೊಟ್ಟೆ ಬಿಚ್ಚಿ, ಒಳಗೆಲ್ಲ ಊದಿ, ಮುಚ್ಚಿ, "ಎಲ್ಲಾ ಸರ್ಯಾಗೈತೆ. ನಿನ್ ಮನೆ ವಾಸ್ತುನೇ ಸರ್ಯಾಗಿಲ್ಲ ಕಣ್ಲಾ," ಎಂದು ಕಾಫಿ ಕುಡಿದು ಹೋದ. ಭೌತಶಾಸ್ತ್ರ ವಾಸ್ತುಶಾಸ್ತ್ರಕ್ಕೆ ಶರಣಾದ ಆ ಸಂಜೆ ನಾನು ನಿಜಕ್ಕೂ ಅಧೀರನಾದೆ.

ಒಂದು ಭಾನುವಾರ ಬೆಳಿಗ್ಗೆ ಗಿರಿಜಾ ಹುರುಳಿಕಾಯಿ ಬಿಡಿಸುತ್ತ ನನ್ನ ಒದ್ದಾಟವನ್ನು ನೋಡುತ್ತಿದ್ದವಳು, ಕೈ ಒರೆಸಿಕೊಂಡು ಬಂದು, "ಕೊಡಿ ಇಲ್ಲಿ," ಎಂದು ಹೆಡ್‌ಫೋನನ್ನು ತಾನು ಹಾಕಿಕೊಂಡಳು. ಕೇಳುತ್ತ ಕೇಳುತ್ತ ಅವಳ ಮುಖ ಅರಳಿತು. ಅಷ್ಟು ದಿನ ಆ ಮೂಲೆಯನ್ನು ನಾನು ಅವಳಿಗೆ ತೋರಿಸಿದ್ದೆನೇ ಹೊರತು ಕೇಳಿಸಿಯೇ ಇರಲಿಲ್ಲ.

"ಎಡಗಡೆ ಪಿಟೀಲು ಸಣ್ಣಗಿಲ್ವಾ?" ಎಂದೆ.

"ಇಲ್ವಲ್ಲ ರೀ. ಎರಡೂ ಕಡೆ ಸಮವಾಗೇ ಇದೆ. ಪಿಟೀಲೇ ಒಸಿ ಜೋರು."

ಅವಳು ಹೆಡ್‌ಫೋನು ತೆಗೆದು ನನ್ನನ್ನೇ ದಿಟ್ಟಿಸಿದಳು. ಆಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಬಲಗಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿ, ಹಿಂದೆ ನಿಂತಳು. ನಾನು ಕಾದೆ. ಯಂತ್ರಗಳ ಗುಂಯ್ಗುಡುವಿಕೆಯೂ ಎಲ್ಲೋ ದೂರ ಹೋಗಿತ್ತು. ಎಷ್ಟು ಹೊತ್ತಾದರೂ ಅವಳು ಏನೂ ಹೇಳದ್ದರಿಂದ, "ಹೂಂ, ಶುರು ಮಾಡು," ಎಂದೆ. ಅವಳು ಕೈ ತೆಗೆದು ನನ್ನ ಮುಂದೆ ಬಂದಳು. ಮುಖ ಬಿಳಿಚಿತ್ತು.

"ಇಷ್ಟೊತ್ತೂ ನಿಮ್ ಹೆಸರು ಹಿಡಿದು ಕೂಗ್ತಾ ಇದ್ದೆ ರೀ," ಎಂದಳು.

ಗಂಡನ ಹೆಸರನ್ನು ಅವಳು ಕೂಗಿದ್ದು ಅದೇ ಮೊದಲು. ಅದೂ ನನಗೆ ಕೇಳಿಸಲಿಲ್ಲ.

ರಾಮನಗರದ ವೈದ್ಯರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿ ಎಂದರು. ಅಲ್ಲಿ ನನ್ನನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗಲೆಲ್ಲ ಒತ್ತಲು ಹೇಳಿದರು. ತಲೆಗೆ ಒಂದು ಹೆಡ್‌ಫೋನು ತೊಡಿಸಿದರು. ನನ್ನ ಜೀವಮಾನದಲ್ಲಿ ತೊಟ್ಟವುಗಳಲ್ಲೆಲ್ಲ ಅದೇ ಶ್ರೇಷ್ಠವಾದದ್ದು. ಆದರೆ ಅದರಲ್ಲಿ ಬಂದದ್ದು ಬರೀ ಕೀಂ, ಕೂಂ. ಬಲಗಿವಿ ಒಳ್ಳೆಯ ಅಂಕ ತೆಗೆಯಿತು. ಎಡಗಿವಿಯ ಸರದಿಯಲ್ಲಿ ನನಗೆ ಏನೂ ಕೇಳಿಸದೆ ನಾಚಿಕೆಯಾಗಿ, ಹಿಂದಿನ ಬೆಂಚಿನ ವಿದ್ಯಾರ್ಥಿಗಳು ಸುಮ್ಮನೆ "ಅರ್ಥವಾಯ್ತು ಸಾರ್" ಅನ್ನುವ ಹಾಗೆ ಆಗೊಮ್ಮೆ ಈಗೊಮ್ಮೆ ಗುಂಡಿ ಒತ್ತಿದೆ. ಪರೀಕ್ಷಿಸುತ್ತಿದ್ದ ಹುಡುಗಿ ಗಾಜಿನಾಚೆಯಿಂದ ಕೈಯಾಡಿಸಿ, "ಸಾರ್, ನಾನಿನ್ನೂ ಸೌಂಡೇ ಕೊಟ್ಟಿಲ್ಲ," ಎಂದಳು.

ನರ ದುರ್ಬಲವಾಗಿದೆ, ಬಹಳ ಹಿಂದಿನದಿರಬೇಕು, ಒಂದು ಕಿವಿ ಚೆನ್ನಾಗಿದ್ದರೆ ಇನ್ನೊಂದರ ಕೊರತೆ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ ಎಂದ ವೈದ್ಯರು, ಚಿಕ್ಕಂದಿನಲ್ಲಿ ಮಂಗನಬಾವು ಆಗಿತ್ತೇ ಎಂದು ಕೇಳಿದರು. ಆಸ್ಪತ್ರೆಯ ಹೊರಗಿನಿಂದಲೇ ಸಾತನೂರಿನಲ್ಲಿದ್ದ ಅವ್ವನಿಗೆ ಫೋನು ಮಾಡಿದೆ. ಫೋನನ್ನು ಬಲಗಿವಿಗೇ ಹಿಡಿದಿದ್ದೇನೆಂಬುದನ್ನು ಅಂದು ಮೊದಲ ಸಲ ಗಮನಿಸಿದೆ.

"ಆಗಿತ್ತು ಕಣಪ್ಪ. ಎಡಗಡೆ ದವಡೆ ಕುಂಬಳಕಾಯಿ ಆಗಿತ್ತು. ಆಮೇಕೆ ಎಷ್ಟ್ ಕೂಗುದ್ರೂ ತಿರುಗ್ತಿರ್ಲಿಲ್ಲ. ಓದೋ ಹುಡ್ಗ, ಗ್ಯಾನ ಎಲ್ಲೋ ಐತೆ ಅಂತ ನಿಮ್ಮಪ್ಪ ಅಂದ್ರು. ನಾವೂ ಸುಮ್ಕಾದೋ," ಎಂದಳು ಅವ್ವ.

ನನ್ನ ಪಾಂಡಿತ್ಯದ ಬಗ್ಗೆ ಮನೆಯವರಿಗಿದ್ದ ಅಪಾರ ಗೌರವದ ಮೂಲ ಇದೆಂದು ತಿಳಿದು ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಸಂಜೆಯ ರೈಲಿನಲ್ಲಿ ಗಿರಿಜಾ ನನ್ನ ಬಲಕ್ಕೆ ಬಂದು ಕೂತಳು. ಕೆಂಗೇರಿ ದಾಟಿತು. ಬಿಡದಿಯ ಕಾರ್ಖಾನೆಗಳ ತಗಡಿನ ಸೂರುಗಳು ಬಿಸಿಲಿಗೆ ಹೊಳೆದು ಹಿಂದೆ ಸರಿದವು. ಅವಳು ಕಿಟಕಿಯಾಚೆ ನೋಡುತ್ತಲೇ ಕೇಳಿದಳು:

"ಹಂಗಾದ್ರೆ ಅವತ್ತು ಗಾಡಿ ಮೇಲೆ ನಾನು ಹೇಳಿದ್ದು ನಿಮಗೆ ಕೇಳಿಸಿರ್ಲಿಲ್ವಾ?"

"ಯಾವತ್ತು?"

"ನಸ್ರೀನ್ ಮನೆಯಿಂದ ಬರೋವಾಗ. ಕೆಲಸದ ವಿಷಯ."

ನನಗೆ ಯಾವ ಕೆಲಸವೂ, ಯಾವ ವಿಷಯವೂ ನೆನಪಾಗಲಿಲ್ಲ. ನಸ್ರೀನ್ ಅವಳ ಕಾಲೇಜಿನ ಗೆಳತಿ ಎಂದಷ್ಟೇ ಗೊತ್ತಿತ್ತು. ಗಿರಿಜಾ ಆಗ ನಿಧಾನವಾಗಿ ಎಲ್ಲ ಹೇಳಿದಳು. ಕೆಲವು ವರ್ಷಗಳ ಹಿಂದೆ ನಸ್ರೀನಳ ಅಣ್ಣ ಹೊರದೇಶಕ್ಕೆ ಕಳಿಸುವ ಗೊಂಬೆಗಳ ಕಾರ್ಖಾನೆ ತೆರೆದಿದ್ದರಂತೆ. ಮಕ್ಕಳು ಬಾಯಿಗಿಡುವ ಗೊಂಬೆಗಳಾದ್ದರಿಂದ ಅವಕ್ಕೆ ಬಳಿಯುವ ಅರಗಿಗೆ ಅರಿಸಿನ, ನೀಲಿ ಇಂಥ ಗಿಡದ ಬಣ್ಣಗಳನ್ನೇ ಬೆರೆಸಬೇಕು. ಬೆರೆಸಿ ಪರೀಕ್ಷಿಸಲು ರಸಾಯನಶಾಸ್ತ್ರ ಓದಿದವರು ಬೇಕು. ನೀವೇ ಬನ್ನಿ ಎಂದು ಅವರು ಗಿರಿಜಾಳನ್ನು ಕರೆದಿದ್ದರಂತೆ. ಆ ಸಂತೋಷವನ್ನು ಅವಳು ಮನೆ ಮುಟ್ಟುವವರೆಗೂ ತಡೆದುಕೊಳ್ಳಲಾರದೆ, ಸ್ಕೂಟರಿನ ಹಿಂದೆ ಕೂತು ನನ್ನ ಕಿವಿಯಲ್ಲಿ ಹೇಳಿದಳಂತೆ. ಹೆಂಗಸರು ಸ್ಕೂಟರಿನಲ್ಲಿ ಕಾಲುಗಳನ್ನು ಎಡಕ್ಕೆ ಇಳಿಬಿಟ್ಟು ಕೂರುತ್ತಾರಷ್ಟೆ. ಅವರ ಮಾತು ಎಡಗಿವಿಗೇ.

"ನಾನೇನಂದೆ?"

"'ಇರೋ ಹಾಗೆ ಸುಮ್ನೆ ಇರೋದು ಬಿಟ್ಟು ಯಾಕೆ ಬೇಕು ಇದೆಲ್ಲ' ಅಂದ್ರಿ."

ಆಗ ಹೆದ್ದಾರಿಯನ್ನು ಎಲ್ಲೆಂದರಲ್ಲಿ ಅಗೆದುಹಾಕಿದ್ದರು. ಆ ಮಾತನ್ನು ನಾನು ರಸ್ತೆಗೆ ಹೇಳಿರಬೇಕು. ಹಾಗೆಂದೇ ಅವಳಿಗೆ ಹೇಳಿದೆ. ಹಾಗೆಂದೇ ಈಗಲೂ ನಂಬಿದ್ದೇನೆ. ಆದರೆ ಅವಳು ಅದನ್ನು ತನಗೆ ಬಂದ ಉತ್ತರವೆಂದು ತೆಗೆದುಕೊಂಡು, ಮರುದಿನ ನಸ್ರೀನಳಿಗೆ "ಆಗಲ್ಲ" ಎಂದು ಹೇಳಿಕಳಿಸಿ, ಮತ್ತೆಂದೂ ಆ ಸುದ್ದಿ ಎತ್ತಿರಲಿಲ್ಲ. "ಮತ್ತೊಂದು ಸಲ ಕೇಳಬಾರದಿತ್ತಾ?" ಎಂದೆ.

"ಅಷ್ಟು ಖಂಡಿತವಾಗಿ ಅಂದಮೇಲೆ ಇನ್ನೇನು ಕೇಳೋದು?" ಎಂದಳು. ಕಣ್ಣು ತುಂಬಿಕೊಂಡಿದ್ದವು, ಆದರೆ ತುಟಿಯಂಚಿನಲ್ಲಿ ನಗುವೂ ಇತ್ತು. ಅಷ್ಟು ವರ್ಷ ತಾನು ಒಳಗೊಳಗೇ ಜಗಳವಾಡಿದ್ದು ಒಂದು ನರದ ಜೊತೆಗೆ ಎಂದು ತಿಳಿದಾಗ ಮನುಷ್ಯರ ಮುಖ ಹೇಗಾಗಬೇಕೋ ಅದಕ್ಕೆ ಯಾವ ಶಾಸ್ತ್ರದಲ್ಲೂ ಲಕ್ಷಣ ಹೇಳಿಲ್ಲ.

ರಾಮನಗರದ ಬಂಡೆಗಳು ಬಂದವು, ಹೋದವು. ಸತಿ ಪತಿಯ ವಾಮಭಾಗದವಳು ಎಂದು ಮದುವೆಯಂದು ಪುರೋಹಿತರು ಅವಳನ್ನು ನನ್ನ ಎಡಕ್ಕೆ ಕೂರಿಸಿದ್ದರು; ವರನ ಎಡಭಾಗ ಊರ್ಜಿತವಾಗಿದೆಯೇ ಎಂದು ಯಾರೂ ವಿಚಾರಿಸಿರಲಿಲ್ಲ. ದೋಷ ಕಿವಿಯದು ಎಂದು ಸಮಾಧಾನ ಪಡಬಹುದಿತ್ತು. ಆದರೆ ಅಂದು ಕೇಳಿಸಿದ್ದಿದ್ದರೆ ನಾನು ಏನು ಹೇಳುತ್ತಿದ್ದೆ? ಸಂತೋಷದಿಂದ ಹೂಂ ಅನ್ನುತ್ತಿದ್ದೆನೆ? ಅಥವಾ ರಸ್ತೆಗೆ ಹೇಳಿದ ಮಾತನ್ನೇ ಅವಳಿಗೂ ಹೇಳುತ್ತಿದ್ದೆನೆ? ಚನ್ನಪಟ್ಟಣದಲ್ಲಿ ಇಳಿಯುವಾಗ, "ನಾಳೆ ನಸ್ರೀನ್ ಮನೆಗೆ ಹೋಗಿ ಬರೋಣ," ಎಂದೆ.

"ಹೋಗೋಣ ಅಲ್ಲ. ನಾನು ಹೋಗ್ತೀನಿ," ಎಂದಳು.

ಹೋದಳು. ಆ ಜಾಗಕ್ಕೆ ಬೇರೊಬ್ಬರು ಬಂದಾಗಿತ್ತು. ಆದರೆ ಅರಿಸಿನ, ನೀಲಿಗಳು ಪಳಗಿದ್ದರೂ ಕೆಂಪು ಬಣ್ಣ ಮಾತ್ರ ಅವರ ಕೈಗೆ ಬಗ್ಗಿರಲಿಲ್ಲ. ಬೇಕಾದರೆ ಅದೊಂದನ್ನು ನೋಡಿಕೊಡಿ, ಆಮೇಲೆ ಮಾತಾಡೋಣ ಎಂದರಂತೆ ನಸ್ರೀನಳ ಅಣ್ಣ. ಮಾರನೆಯ ವಾರದಿಂದ ಗಿರಿಜಾ ಬುತ್ತಿ ಕಟ್ಟಿಕೊಂಡು ಹೊರಡತೊಡಗಿದಳು. ಸಂಜೆ ಬೆರಳ ತುದಿಗಳಲ್ಲಿ ಒಂದೊಂದು ದಿನ ಒಂದೊಂದು ಬಣ್ಣ ಹೊತ್ತು ಬರುತ್ತಿದ್ದಳು. ನಾನು ಬೋರೇಗೌಡನಿಂದ ಎಡಬಲಗಳ ತಂತಿಗಳನ್ನು ಕೂಡಿಸಿ ಎರಡೂ ಬಟ್ಟಲಲ್ಲಿ ಎಲ್ಲವೂ ಬರುವ ಹಾಗೆ ಮಾಡಿಸಿಕೊಂಡೆ. ಪಿಟೀಲು ಕೊನೆಗೂ ನನ್ನ ಬೀದಿಗೆ ಬಂತು. ಆದರೆ ಮೃದಂಗದ ಜೊತೆ ಒಂದೇ ಕಿವಿಯಲ್ಲಿ ಇಕ್ಕಟ್ಟಾಗಿ ಕೂತು, ಇದೇ ಸರಿಯೋ ಮೊದಲಿನದೇ ಚೆನ್ನಿತ್ತೋ ಎಂಬ ಹೊಸ ಗೊಂದಲ ಹುಟ್ಟಿಸಿತು.

ಒಂದು ಸಂಜೆ ಗಿರಿಜಾ ಕೆಲಸದಿಂದ ಬಂದವಳು ನನ್ನ ಎಡಕ್ಕೆ ಕೂತು ಮಾತು ಶುರು ಮಾಡಿದಳು. ನಾನು ಹೆಡ್‌ಫೋನು ತೆಗೆದಿಟ್ಟು, ಎದ್ದು, ಕುರ್ಚಿಯನ್ನು ಎಳೆದುಕೊಂಡು ಹೋಗಿ ಅವಳ ಇನ್ನೊಂದು ಪಕ್ಕದಲ್ಲಿ, ಬಲಗಿವಿ ಅವಳ ಕಡೆಗಿರುವಂತೆ ಕೂತೆ. ನನ್ನ ಈ ಸೌಜನ್ಯವನ್ನು ನಾನೇ ಮೆಚ್ಚಿಕೊಂಡೆ. ಅವಳು ಕೆಂಪಿನ ವಿಷಯ ಹೇಳುತ್ತಿದ್ದಳು: ಲೇತಿನ ಮೇಲೆ ಮರ ತಿರುಗಿ ಕಾದಾಗ ಬಣ್ಣ ಕಂದಿಹೋಗುತ್ತದೆಂದೋ, ಕಂದದಿರಲು ಏನೋ ಬೆರೆಸಿ ನೋಡಿದೆನೆಂದೋ. ಅವಳ ಕೈಗಳು ಗಾಳಿಯಲ್ಲಿ ಗೊಂಬೆ ಕಡೆಯುತ್ತಿದ್ದವು. ನನ್ನ ಮನಸ್ಸು ಮಾತ್ರ ಆಗಷ್ಟೇ ನಿಲ್ಲಿಸಿದ ಕಲ್ಯಾಣಿ ರಾಗದ ಒಂದು ಸಂಗತಿಯ ಹಿಂದೆ ಯಾವಾಗಲೋ ಹೊರಟುಹೋಗಿತ್ತು.

ಮಾತು ನಿಂತದ್ದು ತಿಳಿದು ತಲೆಯೆತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಏನಂದೆ?" ಎಂದೆ.

"ಇದು ಯಾವ ಕಿವಿ ರೀ?" ಎಂದಳು.

ಸುಳ್ಳು ಹೇಳಲು ಅವಕಾಶವೇ ಇರಲಿಲ್ಲ.

"ಬಲಗಿವಿ," ಎಂದೆ.

ಗಿರಿಜಾ ಸೆರಗನ್ನು ಸರಿಮಾಡಿಕೊಂಡು, ಕುರ್ಚಿಯನ್ನು ನನಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, "ಹಂಗಾದ್ರೆ ಮೊದಲಿಂದ ಹೇಳ್ತೀನಿ, ಕೇಳಿ," ಎಂದು ಮತ್ತೆ ಆರಂಭಿಸಿದಳು.