ಬಳೆ ತಿರುಗಿಸುವ ಮುನೆಮ್ಮಜ್ಜಿ

ಮುನೆಮ್ಮಜ್ಜಿ ಬಸುರಿಯರ ಹೊಟ್ಟೆಯನ್ನು ಮೊದಲು ಮುಟ್ಟುತ್ತಿರಲಿಲ್ಲ. ಬಂದವಳೇ ಮುಂಗೈ ಹಿಡಿದು ಗಾಜಿನ ಬಳೆಗಳನ್ನು ಒಂದು ಬೆರಳಿನಿಂದ ತಿರುಗಿಸುತ್ತಿದ್ದಳು. ಸಲೀಸಾಗಿ ತಿರುಗಿದರೆ ಎಲೆಯಡಿಕೆ ಕೇಳುತ್ತಿದ್ದಳು. ಬಿಗಿದು ನಿಂತರೆ ಕೊಟ್ಟ ಎಲೆಯಡಿಕೆಯನ್ನೂ ಕೆಳಗಿಟ್ಟು, ಗಂಡಸರನ್ನು ಕರೆದು ಆಸ್ಪತ್ರೆಗೆ ಗಾಡಿ ಕಟ್ಟಿಸುತ್ತಿದ್ದಳು.

ಬೂದಿಕೋಟೆಯ ಸೂಲಗಿತ್ತಿ; ಬಂಗಾರಪೇಟೆಯ ನಮ್ಮ ಬೀದಿಗೂ ಅವಳೇ. ನಾನೋ ಬೆಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ರಜೆಗೆ ಬಂದವಳು. ಕೈ ಊದಿದ ಬಸುರಿಗೆ ಫಿಟ್ಸ್ ಬರುತ್ತದೆ, ಕೂಸು ಉಳಿಯುವುದು ಕಷ್ಟ ಎಂಬ ಅವಳ ಮಾತನ್ನು ಸುಮ್ಮನೆ ಒಪ್ಪಿಕೊಳ್ಳುವುದುಂಟೇ? ಬಸುರಿಯರು ಮೈ ತುಂಬಿಕೊಳ್ಳುವುದು ಸಹಜ, ಬಳೆ ಬಿಗಿಯುವುದೂ ಸಹಜ. ನೀನು ನಿಜವಾದದ್ದನ್ನಷ್ಟೇ ನೆನಪಿಟ್ಟು ತಪ್ಪಿದ್ದನ್ನು ಮರೆಯುತ್ತೀಯ ಎಂದು ವಾದ ಹೂಡಿದೆ. ಅಜ್ಜಿ ಎಲೆಗೆ ಸುಣ್ಣ ಸವರುತ್ತ ಪೂರ್ತಿ ಕೇಳಿಸಿಕೊಂಡಳು.

"ಅಂಗಾರೆ ಬರ್ಕೋ ಲಾಯರಮ್ಮ. ತಪ್ಪಿದ್ದೂ ಬರ್ಕೋ. ನಂಗೆ ಅಕ್ಸರ ಬರಲ್ಲ."

ಅವಳನ್ನು ಸೋಲಿಸಲೆಂದೇ ನೋಟುಬುಕ್ಕು ಹೊಲಿದೆ. ಹೆಸರು, ಬಳೆ ತಿರುಗಿತೇ, ಫಿಟ್ಸ್ ಬಂತೇ, ಕೂಸು ಏನಾಯಿತು. ಎರಡು ರಜೆ ಅವಳ ಹಿಂದೆ ಮನೆಮನೆ ಸುತ್ತಿದೆ. ನಾನು ಊರಲ್ಲಿಲ್ಲದಾಗ ಆದದ್ದನ್ನು ಅಜ್ಜಿ ನೆನಪಿಟ್ಟು ಆಮೇಲೆ ಬರೆಸುತ್ತಿದ್ದಳು. ಲೆಕ್ಕ ಹೆಚ್ಚುಕಡಿಮೆ ಅವಳ ಪರವಾಗಿಯೇ ಬಂತು, ಅದು ನನಗೆ ಸಿಟ್ಟು. ಆದರೆ ಇಬ್ಬರು ನನ್ನ ಕಡೆಗಿದ್ದರು: ಗಾಣದ ಮನೆಯ ಸೊಸೆ, ಸ್ಟೇಷನ್ನಿನ ಹಿಂದಿನ ಲಕ್ಷ್ಮಿ. ಇಬ್ಬರ ಬಳೆಯೂ ಸಲೀಸಾಗಿ ತಿರುಗಿತ್ತು, ಇಬ್ಬರಿಗೂ ಫಿಟ್ಸ್ ಬಂತು. ಲಕ್ಷ್ಮಿಯ ಕೂಸು ಉಳಿಯಲಿಲ್ಲ. ನಾನು ಆ ಹೆಸರುಗಳನ್ನೆತ್ತಿದಾಗಲೆಲ್ಲ ಅಜ್ಜಿ ಅಗಿಯುವುದನ್ನು ನಿಲ್ಲಿಸುತ್ತಿದ್ದಳು.

ಆಮೇಲೆ ಅಕ್ಕ ಹೆರಿಗೆಗೆ ಬಂದಳು. ಎಂಟನೆಯ ತಿಂಗಳು. ಎರಡು ದಿನದಿಂದ ತಲೆನೋವು ಎಂದು ಮಲಗಿಯೇ ಇದ್ದಳು. ಅಜ್ಜಿ ಬಳೆ ತಿರುಗಿಸಿದಳು. ಗಲಗಲ ಎಂದು ತಿರುಗಿದವು. ನಾನು ಬರೆದುಕೊಂಡು, ನಿನ್ನ ರೂಲಿನ ಪ್ರಕಾರವೇ ಅಕ್ಕ ಚೆನ್ನಾಗಿದ್ದಾಳೆ ಎಂದೆ. ಅಜ್ಜಿ ಕೈ ಬಿಡಲಿಲ್ಲ. ಬಳೆಗಳನ್ನು ಮೊಣಕೈಯತ್ತ ಸರಿಸಿದಳು. ಅವು ಇದ್ದ ಕಡೆ ಊದಿದ ಮಾಂಸದಲ್ಲಿ, ಬಿಗಿಬಳೆ ಒತ್ತಿದ ಹಾಗೆ, ಉಂಗುರದಂಥ ತಗ್ಗಿತ್ತು.

"ಅಳೇ ಬಳೆ ಎಲ್ಲಮ್ಮಿ?" ಎಂದು ಅಮ್ಮನನ್ನು ಕೇಳಿದಳು.

ಅಮ್ಮ ಸಂಭ್ರಮದಿಂದಲೇ ಹೇಳಿದಳು: ಮಗಳು ಮೈ ತುಂಬಿಕೊಂಡಿದ್ದಾಳೆ, ಬಸುರಿಯ ಕೈಯಲ್ಲಿ ಬಳೆ ಒಡೆದರೆ ಅಪಶಕುನ, ಅದಕ್ಕೇ ಮೊನ್ನೆ ಬಳೆಗಾರನನ್ನು ಕರೆಸಿ ಒಂದು ಅಳತೆ ದೊಡ್ಡದನ್ನು ತೊಡಿಸಿದೆ.

ಅಜ್ಜಿ ನನ್ನ ಕಡೆ ತಿರುಗಿದಳು.

"ನಾ ನೋಡಾದು ಕೈನ ಕಣಮ್ಮಿ, ಬಳೇನಲ್ಲ. ಓಗು, ರೈಲು ಯಾವಾಗೈತೆ ಕೇಳ್ಕೊಂಬಾ."

ಭಾವ ಕೋರಮಂಡಲಿನ ಚಿನ್ನದ ಗಣಿಯಲ್ಲಿ ಗುಮಾಸ್ತ. ಮಾರಿಕುಪ್ಪಂ ರೈಲು ಹಿಡಿದು ಗಣಿಯ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಅಕ್ಕನ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಕಾಯಿಸಿದರು. ಅದು ಒಡೆದ ಹಾಲಿನಂತೆ ಬೆಳ್ಳಗಾಯಿತು. ಇದು ಫಿಟ್ಸ್ ಬರುವ ಮುಂಚಿನ ಗುರುತು, ಇನ್ನೊಂದು ದಿನ ತಡವಾಗಿದ್ದರೆ ಬಂದೇಬಿಡುತ್ತಿತ್ತು ಎಂದರು. ಕೂಸು ತಿಂಗಳು ತುಂಬದೆ ಹುಟ್ಟಿತು, ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ಹತ್ತಿಯಲ್ಲಿ ಸುತ್ತಿಟ್ಟು ಉಳಿಸಿಕೊಂಡರು. ಅಕ್ಕನಿಗೆ ಫಿಟ್ಸ್ ಬರಲೇ ಇಲ್ಲ.

ರಜೆ ಮುಗಿಯುವ ಮೊದಲು ಬೂದಿಕೋಟೆಗೆ ಹೋದೆ. ನೋಟುಬುಕ್ಕಿನಲ್ಲಿ ಹೊಸ ಕಾಲಂ ಎಳೆದಿದ್ದೆ: ಬಳೆ ಬದಲಾಯಿಸಿದ್ದರೇ? ಅಜ್ಜಿ ಆಗಲೇ ವಿಚಾರಿಸಿಕೊಂಡಿದ್ದಳು. ಗಾಣದ ಮನೆಯವರು ಬದಲಾಯಿಸಿದ್ದರಂತೆ. ಲಕ್ಷ್ಮಿಯ ವಿಷಯ ತಿಳಿದಿರಲಿಲ್ಲ; ಅವಳನ್ನು ಕರೆದುಕೊಂಡು ಅವಳ ತಾಯಿ ಆಂಧ್ರದ ಕಡೆ ಮಗನ ಮನೆಗೆ ಹೋಗಿದ್ದಳು. ಅವಳದ್ದನ್ನೂ ಬದಲಾಯಿಸಿಯೇ ಇರುತ್ತಾರೆ, ಬರೆದುಬಿಡುತ್ತೇನೆ, ನೀನೇ ಗೆದ್ದಂತಾಯಿತು ಎಂದೆ. ಅಜ್ಜಿ ನನ್ನ ಪೆನ್ಸಿಲಿನ ಮೇಲೆ ಕೈಯಿಟ್ಟಳು.

"ಕೇಳ್ದೆ ಬರೀಬ್ಯಾಡ. ನಾನೇ ಸರ್ಯಾಗಿ ನೋಡ್ಲಿಲ್ವೇನೋ. ಆಯಮ್ಮ ಬರ್ಲಿ, ಕೇಳಿ ಏಳ್ತೀನಿ."

ಮುಂದಿನ ರಜೆಗೆ ನಾನು ಬರುವಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ಲಕ್ಷ್ಮಿಯೂ ಅವಳ ತಾಯಿಯೂ ತಿರುಗಿ ಬರಲಿಲ್ಲ. ಲಕ್ಷ್ಮಿಯ ಹೆಸರಿನ ಮುಂದೆ ಆ ಹೊಸ ಕಾಲಮಿನಲ್ಲಿ ನಾನು ಇವತ್ತಿಗೂ ಏನೂ ಬರೆದಿಲ್ಲ.